ಎಡಕ್ಕೊಂದು ನಡೆ, ಬಲಕ್ಕೊಂದು ನಡೆ

ಕಳೆದ ಮಳೆಗಾಲದಲ್ಲಿ ಪುಣೆಯಲ್ಲಿರುವ ನನ್ನ ಸೋದರಳಿಯ, ತಾನು ಆಗಷ್ಟೇ ಕೊಂಡಿದ್ದ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ತಾಮ್ಹಿಣಿ ಘಾಟಿನಲ್ಲಿ ಓಡಿಸಿ ಬಂದು ಒಂದು ವಿಚಿತ್ರ ದೂರು ಹೇಳಿದ. ಬಲ ತಿರುವುಗಳಲ್ಲಿ ಕಾರು ಹೇಳಿದಂತೆ ಕೇಳುತ್ತದೆ, ಎಡ ತಿರುವುಗಳಲ್ಲಿ ಮಾತ್ರ ಅದರ ಹಿಂಭಾಗ ತಾನಾಗಿಯೇ ಹೊರಕ್ಕೆ ಜಾರಲು ಹವಣಿಸುತ್ತದೆ. ಅಷ್ಟರಲ್ಲಿ ನನ್ನ ಅಕ್ಕ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿ, ಹಿಂದಿನ ಮಾಲೀಕರ ಗ್ರಹಚಾರವೇ ಗಾಡಿಯ ಜೊತೆ ಬಂದಿದೆ ಎಂದು ತೀರ್ಮಾನಿಸಿಯೂ ಆಗಿತ್ತು. ಅವಳ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ದೋಷ ಗ್ರಹಗಳಲ್ಲಿದೆ ಎಂದುಕೊಂಡ ಮನೆಯಲ್ಲಿ ಯಾರೂ ಗಾಡಿಯ ಕೆಳಗೆ ಬಗ್ಗಿ ನೋಡುವುದಿಲ್ಲ ಎಂಬುದೇ ನನ್ನ ಆತಂಕ.

ಕಾರಿನ ವೀಲ್ ಅಲೈನ್‌ಮೆಂಟ್ ಅದಾಗಲೇ ಒಂದು ಸಲ ಆಗಿತ್ತು. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ತುಸು ಬಲಕ್ಕೆ ವಾಲಿ ನಿಲ್ಲುತ್ತಿದ್ದುದನ್ನು ಕಂಡು, ಗ್ಯಾರೇಜಿನವರು ಸ್ಟಿಯರಿಂಗನ್ನು ಮುಂದಿನ ಚಕ್ರಗಳಿಗೆ ಜೋಡಿಸುವ ಸರಳುಗಳನ್ನು, ಅಂದರೆ ಟೈ ರಾಡ್‌ಗಳನ್ನು ತಿರುವಿ ಅದನ್ನು ನೆಟ್ಟಗೆ ನಿಲ್ಲಿಸಿ ಕಳುಹಿಸಿದ್ದರು. ಸ್ಟಿಯರಿಂಗ್ ನೆಟ್ಟಗಿದ್ದರೆ ಚಕ್ರಗಳೂ ನೆಟ್ಟಗಿವೆ ಎಂಬ ಈ ನಂಬಿಕೆ ನಿಂಬೆಹಣ್ಣಿನಷ್ಟೇ ವ್ಯಾಪಕವಾದದ್ದು, ಮತ್ತು ಅದಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು.

ಚಕ್ರ ಮುಖ ಮಾಡಿದ ಕಡೆಗೇ ಗಾಡಿ ಹೋಗುತ್ತದೆ ಎಂಬ ಎಣಿಕೆ ಕುದುರೆಗಾಡಿಯ ಕಾಲದಿಂದ ಬಂದದ್ದು. ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ಕೋನಕ್ಕೆ ತಿರುಗಬೇಕೆಂದು ಕಂಡುಕೊಂಡ ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್ಸ್‌ಪೆರ್ಗರ್, ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಆಕರ್ಮನ್, ಇಬ್ಬರೂ ಕಬ್ಬಿಣದ ಪಟ್ಟಿ ಹೊಡೆದ ಗಟ್ಟಿ ಚಕ್ರಗಳನ್ನೇ ಕಂಡವರು. ಗಾಳಿ ತುಂಬಿದ ರಬ್ಬರ್ ಟೈರು ಬಾಗುತ್ತದೆ, ತಿರುಚಿಕೊಳ್ಳುತ್ತದೆ, ತಾನು ಮುಖ ಮಾಡಿದ ದಿಕ್ಕಿಗೂ ಹೋಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನವನ್ನು ಉಳಿಸಿಕೊಂಡೇ ಕಾರನ್ನು ತಿರುಗಿಸುತ್ತದೆ. ಈ ಕೋನದ ಮಹತ್ವವನ್ನು ಫ್ರಾನ್ಸಿನ ಬ್ರುಲಿಯೆ 1925ರಲ್ಲಿ ಎತ್ತಿ ತೋರಿಸುವ ವೇಳೆಗೆ ಆಕರ್ಮನ್ನನ ಪೇಟೆಂಟಿಗೆ ನೂರು ವರ್ಷ ದಾಟಿತ್ತು. ಅಲ್ಲಿಂದೀಚೆಗೆ, ಕಾರಿನ ನಡತೆಯನ್ನು ತಿಳಿಯಬೇಕಾದರೆ ಅಂಗೈಯಗಲದ ರಬ್ಬರು ರಸ್ತೆಗೆ ತಾಗುವ ಜಾಗದಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕಾಯಿತು.

ಅಲ್ಲಿ ನಡೆಯುವುದನ್ನು ಕಬಡ್ಡಿ ಅಂಗಳದಲ್ಲಿ ಕಣ್ಣಾರೆ ಕಾಣಬಹುದು. ಎಡಕ್ಕೆ ಹಠಾತ್ತನೆ ಹೊರಳುವ ಆಟಗಾರ ಬಲಗಾಲನ್ನು ಊರಿ ನೆಲವನ್ನು ಒದೆಯುತ್ತಾನೆ. ಆ ಅಂಗಾಲು ಪೂರ್ತಿಯಾಗಿ ನೆಲಕ್ಕೆ ಕೂತಿದ್ದರೆ ಅವನು ಹೊರಳುತ್ತಾನೆ, ಪಾದ ಹೊರ ಅಂಚಿನ ಮೇಲೆ ಮಗುಚಿಕೊಂಡರೆ ಜಾರಿ ಬೀಳುತ್ತಾನೆ. ಮಳೆಯಲ್ಲಿ ನೆಂದ ಕಲ್ಲುಮೆಟ್ಟಿಲನ್ನು ಚಪ್ಪಲಿಯ ಅಂಚಿನಲ್ಲಿ ಮೆಟ್ಟಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ರಬ್ಬರಿನ ಸ್ವಭಾವವೇ ಹಾಗೆ: ಒತ್ತಡ ಹೆಚ್ಚಿದಂತೆ ಅದರ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದ ಅಷ್ಟೇ ಭಾರವನ್ನು ಇಡೀ ಅಗಲಕ್ಕೆ ಹರಡಿದಾಗ ಸಿಗುವ ಹಿಡಿತ, ಒಂದೇ ಅಂಚಿಗೆ ಹೇರಿದಾಗ ಸಿಗುವುದಿಲ್ಲ.

ಕಾರು ಎಡಕ್ಕೆ ತಿರುಗುವಾಗ ಊರುಗಾಲಾಗುವುದು ಬಲಬದಿಯ ಚಕ್ರಗಳು. ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದು ಎಡಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಕಾರು, ಗುರುತ್ವದ ಮುಕ್ಕಾಲರಷ್ಟು ಪಾರ್ಶ್ವ ವೇಗೋತ್ಕರ್ಷದಲ್ಲಿ ತಿರುಗಿದರೆ, ಅದರ ತೂಕದ ಮುಕ್ಕಾಲು ಪಾಲು ಹೊರಚಕ್ರಗಳ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಕಾರಿನ ಮೈ ಹೊರಕ್ಕೆ ವಾಲಿ ಆ ಚಕ್ರಗಳನ್ನೂ ಹೊರಕ್ಕೆ ವಾಲಿಸುತ್ತದೆ. ಇದನ್ನು ಎದುರುನೋಡಿಯೇ ತಯಾರಕರು ಚಕ್ರಗಳ ತಲೆಯನ್ನು ಮೊದಲೇ ತುಸು ಒಳಕ್ಕೆ ಬಾಗಿಸಿಟ್ಟಿರುತ್ತಾರೆ, ಕ್ಯಾಂಬರ್ ಎನ್ನುವುದು ಇದನ್ನೇ.

ಭೋಸರಿಯಲ್ಲಿ ನಾಲ್ಕೂ ಚಕ್ರಗಳನ್ನು ಅಳೆಯುವ ಯಂತ್ರವಿರುವ ಒಂದು ಗ್ಯಾರೇಜಿಗೆ ಕಾರನ್ನು ಒಯ್ದೆವು. ವಿಜಯಪುರದ ಕಡೆಯ ಮೆಕ್ಯಾನಿಕ್ಕರು ಯಂತ್ರಕ್ಕೆ ಕೈಹಾಕುವ ಮೊದಲೇ ಹಿಂದಿನ ಬಲ ಟೈರನ್ನು ಅಂಗೈಯಿಂದ ಸವರಿ, “ಮುಂದ ಎಷ್ಟ್ ತಿರುವಿದ್ರೂ ಏನೂ ಆಗೂದಿಲ್ರೀ ಸರ, ರೋಗ ಹಿಂದಿನ ಗಾಲಿಗೈತಿ” ಎಂದರು. ನಾನೂ ಸವರಿ ನೋಡಿದೆ. ಟೈರಿನ ಹೊರ ಅಂಚು ಮರಳುಕಾಗದದಂತೆ ತರಿತರಿಯಾಗಿತ್ತು, ಒಳ ಅಂಚು ನುಣ್ಣಗೆ ಉಳಿದಿತ್ತು. ಎಡ ಟೈರಿನಲ್ಲಿ ಈ ವ್ಯತ್ಯಾಸವಿರಲಿಲ್ಲ.

ಯಂತ್ರ ಕೊಟ್ಟ ಹಾಳೆಯಲ್ಲಿ ಹಿಂದಿನ ಎಡಚಕ್ರದ ಒಳವಾಲು 1.8 ಡಿಗ್ರಿ, ಬಲಚಕ್ರದ್ದು ಬರೀ 0.4 ಡಿಗ್ರಿ. ತಿರುವಿನಲ್ಲಿ ಚಕ್ರ ಒಂದೂವರೆ ಡಿಗ್ರಿ ಹೊರಕ್ಕೆ ವಾಲುತ್ತದೆ ಎಂದಿಟ್ಟುಕೊಂಡರೆ, ಬಲ ತಿರುವಿನಲ್ಲಿ ಊರುಗಾಲಾಗುವ ಎಡಚಕ್ರ ಹೆಚ್ಚುಕಡಿಮೆ ಲಂಬವಾಗಿ ನಿಂತು ತನ್ನ ಇಡೀ ಅಗಲದಿಂದ ರಸ್ತೆಯನ್ನು ಹಿಡಿಯುತ್ತದೆ, ಎಡ ತಿರುವಿನಲ್ಲಿ ಬಲಚಕ್ರ 1.1 ಡಿಗ್ರಿ ಹೊರಕ್ಕೆ ಮಗುಚಿ ಅಂಚಿನ ಮೇಲೆ ನಿಲ್ಲುತ್ತದೆ. ಇಷ್ಟು ಚಿಕ್ಕ ಕೋನವನ್ನು ಸ್ಪೋರ್ಟ್ಸ್ ಕಾರು ಸಹಿಸದಿರುವುದಕ್ಕೆ ಅದರ ಟೈರೇ ಕಾರಣ. 1.1 ಡಿಗ್ರಿ ವಾಲಿದರೆ 165 ಮಿ.ಮೀ. ಅಗಲದ ಸಾಧಾರಣ ಟೈರಿನ ಒಂದು ಅಂಚು ಸುಮಾರು 3 ಮಿ.ಮೀ. ಮೇಲೇಳಬೇಕಾಗುತ್ತದೆ, 245 ಮಿ.ಮೀ. ಅಗಲದ ಟೈರಿನ ಅಂಚು ಸುಮಾರು 5 ಮಿ.ಮೀ. ಸಾಧಾರಣ ಟೈರಿನ ಎತ್ತರದ ಮೆದು ಪಕ್ಕೆ ಆ ವ್ಯತ್ಯಾಸವನ್ನು ತನ್ನಲ್ಲೇ ನುಂಗಿಕೊಳ್ಳುತ್ತದೆ, ಸ್ಪೋರ್ಟ್ಸ್ ಟೈರಿನ ಗಿಡ್ಡ, ಬಿಗಿ ಪಕ್ಕೆಗೆ ಹಾಗೆ ಬಾಗಿಕೊಡಲು ಬರುವುದಿಲ್ಲ.

ಅಂದಮಾತ್ರಕ್ಕೆ ಎಡಬಲಗಳ ಅಸಮತೆ ಎಲ್ಲೆಡೆಯೂ ತಪ್ಪಲ್ಲ. 1909ರಲ್ಲಿ ತೆರೆದ, ಅಮೆರಿಕದ ಇಂಡಿಯಾನಾಪೊಲಿಸ್ ಕಾರು ಪಂದ್ಯದ ಪಥದ ಅಂಡಾಕಾರದ ಓಟದಲ್ಲಿ ಬರುವುದೆಲ್ಲ ಎಡ ತಿರುವುಗಳೇ ಆದ್ದರಿಂದ, ಅಲ್ಲಿ ಬಲಚಕ್ರಗಳನ್ನು ಒಳಕ್ಕೂ ಎಡಚಕ್ರಗಳನ್ನು ಹೊರಕ್ಕೂ, ಅಂದರೆ ನಾಲ್ಕನ್ನೂ ಎಡಕ್ಕೇ ವಾಲಿಸುತ್ತಾರೆ. ತಾಮ್ಹಿಣಿಯಲ್ಲಿ ಎರಡೂ ಕಡೆಯ ತಿರುವುಗಳಿವೆ.

ಸ್ಟಿಯರಿಂಗ್ ಬಲಕ್ಕೆ ವಾಲಿದ್ದ ಕಾರಣವೂ ಅದೇ ಹಾಳೆಯಲ್ಲಿತ್ತು. ಹಿಂದಿನ ಎಡಚಕ್ರದ ಮೂತಿ 0.10 ಡಿಗ್ರಿ ಒಳಕ್ಕೆ, ಬಲಚಕ್ರದ್ದು 0.30 ಡಿಗ್ರಿ ಹೊರಕ್ಕೆ, ಎಂದರೆ ಎರಡೂ ಬಲಕ್ಕೇ ಮುಖ ಮಾಡಿದ್ದವು. ಸರಾಸರಿ 0.20 ಡಿಗ್ರಿ. ಹಿಂದಿನ ಚಕ್ರಗಳು ಹೀಗೆ ಬಲಕ್ಕೆ ತಳ್ಳುತ್ತಿರುವಾಗ ಕಾರು ನೇರ ಹೋಗಬೇಕಾದರೆ ಮುಂದಿನ ಚಕ್ರಗಳೂ ಅಷ್ಟೇ ಬಲಕ್ಕೆ ತಿರುಗಿರಬೇಕು, ಸ್ಟಿಯರಿಂಗ್ 15 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ತಿರುಗುವ ಅನುಪಾತದಲ್ಲಿ ಅದು ಸ್ಟಿಯರಿಂಗಿನಲ್ಲಿ 3 ಡಿಗ್ರಿಯಾಗಿ ಕಾಣಿಸುತ್ತದೆ. ಮೊದಲ ಗ್ಯಾರೇಜಿನವರು ಟೈ ರಾಡ್ ತಿರುವಿ ಅಳಿಸಿದ್ದು ಈ 3 ಡಿಗ್ರಿಯನ್ನು, ರೋಗವನ್ನು ಮುಟ್ಟದೆ ನೇರ ರಸ್ತೆಯಲ್ಲಿ ಕಾಣುತ್ತಿದ್ದ ಅದರ ಲಕ್ಷಣವನ್ನು.

ಹಿಂದಿನ ಬಲಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳತೋಳಿನ ಹೊಂದಾಣಿಕೆ ಬೋಲ್ಟಿನ ಸುತ್ತ ಹಳೆಯ ತುಕ್ಕಿನ ಗೆರೆ ಒಂದು ಕಡೆ ಇತ್ತು, ಬೋಲ್ಟಿನ ಗುರುತು ಇನ್ನೊಂದು ಕಡೆ ನಿಂತಿತ್ತು, ಯಾವುದೋ ಗುಂಡಿಯ ಹೊಡೆತಕ್ಕೆ ತೋಳು ನವಿರಾಗಿ ಬಾಗಿತ್ತು. ತೋಳನ್ನು ಬದಲಿಸಿ, ಸೋದರಳಿಯನನ್ನು ಚಾಲಕನ ಸೀಟಿನಲ್ಲೇ ಕೂರಿಸಿಕೊಂಡು ಮೊದಲು ಹಿಂದಿನ, ಆಮೇಲೆ ಮುಂದಿನ ಚಕ್ರಗಳನ್ನು ಹೊಂದಿಸಿದರು. ಇಷ್ಟು ಹಗುರ, ಇಷ್ಟು ತಗ್ಗಿನ ಕಾರಿನಲ್ಲಿ ಬಲಬದಿಗೆ ಕೂತ ಒಬ್ಬನ ತೂಕವೂ ಕೋನಗಳನ್ನು ಕದಲಿಸುತ್ತದೆ. ಸವೆದ ಅಂಚಿನ ಟೈರು ಮಾತ್ರ ಯಾವ ಹೊಂದಾಣಿಕೆಗೂ ಸರಿಹೋಗುವಂಥದ್ದಲ್ಲವಾದ್ದರಿಂದ, ಹಿಂದಿನ ಎರಡನ್ನೂ ಜೋಡಿಯಾಗಿಯೇ ಬದಲಿಸಿದೆವು.