ಇಡೀ ವರದಿಯನ್ನೇ ಕ್ಯೂಆರ್‌ನೊಳಗೆ ತುಂಬಬಹುದಲ್ವಾ?

ಪ್ರಶ್ನೆ: ನಮ್ಮದು ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್ (ಸಿಪ್ಪೆ ತೆಗೆದು ದರ್ಜೆ ಬೇರ್ಪಡಿಸುವ) ಘಟಕ. ಯಾವ ದರ್ಜೆಯ ಬೀಜ ಎಷ್ಟು ಬಂತೆಂದು ಬೆಳೆಗಾರರಿಗೆ ಕೊಡುವ ಔಟ್‌ಟರ್ನ್ ವರದಿಗೆ ಕ್ಯೂಆರ್ ಹಾಕಿಸಿದ್ದೇವೆ. ಪರದೆಯಲ್ಲಿ ಫೋನ್ ಹಿಡಿದರೆ ಓದುತ್ತದೆ, ಪ್ರಿಂಟ್ ತೆಗೆದರೆ ಓದುವುದಿಲ್ಲ. ಪ್ರಿಂಟರ್ ಬದಲಿಸಬೇಕೇ?

ಉತ್ತರ: ಬೇಡ. ಕೊಯ್ಲು ಮುಗಿದು ಲೆಕ್ಕ ಶುರುವಾಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರವೂ ಅದೇ: ಒಳಗೆ ತುಂಬಿದ್ದು ಹೆಚ್ಚಾಗಿದೆ. ಬೆಳೆಗಾರರ ಹೆಸರು, ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ಎಷ್ಟು ಚೀಲ, ಎಎ ದರ್ಜೆಯ ದಪ್ಪ ಬೀಜ ಎಷ್ಟು, ಪಿಬಿ ಅಂದರೆ ಒಂಟಿ ದುಂಡು ಬೀಜ ಎಷ್ಟು, ಎಲ್ಲ ಸೇರಿಸಿ ‘ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ, ಅದಕ್ಕೇ’ ಅನ್ನುತ್ತೀರಿ. ಅದೆಲ್ಲ ಅದೇ ಹಾಳೆಯಲ್ಲಿ ಅಚ್ಚಾಗಿದೆಯಲ್ಲ! ಹಾಳೆ ಕೈಯಲ್ಲಿದ್ದವರು ಕಣ್ಣಿನಲ್ಲೇ ಓದಿಕೊಳ್ಳುತ್ತಾರೆ.

‘4,296 ಅಕ್ಷರ ಹಿಡಿಯುತ್ತದಂತೆ’ ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಹೋಗುತ್ತಿಲ್ಲ. ಆ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗೆ, ಅದೂ ಅತಿ ದೊಡ್ಡ ಗಾತ್ರವಾದ 40ನೇ ಆವೃತ್ತಿಯಲ್ಲಿ, ದೋಷ ತಿದ್ದುವ ಮಟ್ಟ (ಸ್ವಲ್ಪ ಅಳಿಸಿದರೂ ಓದಿಸುವ ಶಕ್ತಿ) ಅತಿ ಕಡಿಮೆ ಇಟ್ಟಾಗ. ಬೈಟ್ ಲೆಕ್ಕದಲ್ಲಿ ಅದು 2,953. ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಒತ್ತು, ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆ ಎಣಿಕೆ. ‘ಪೊನ್ನಂಪೇಟೆ’ ಕಣ್ಣಿಗೆ ನಾಲ್ಕಕ್ಷರ, ಕ್ಯೂಆರ್‌ಗೆ 30 ಬೈಟ್.

40ನೇ ಆವೃತ್ತಿಯೆಂದರೆ ಸಾಲಿಗೆ 177 ಚೌಕ, ಅಂಚಿನ ಬಿಳಿ ಸೇರಿ 185. ಇದನ್ನು 25 ಮಿಮೀ ಜಾಗಕ್ಕೆ ತುರುಕಿದರೆ ಒಂದು ಚೌಕ 0.135 ಮಿಮೀ. 203 ಡಿಪಿಐ (ಇಂಚಿಗೆ 203 ಚುಕ್ಕೆ) ಥರ್ಮಲ್ ಪ್ರಿಂಟರಿನ ಒಂದು ಚುಕ್ಕೆಯೇ 0.125 ಮಿಮೀ! ಕಕ್ಕಡ ತಿಂಗಳ ಮಳೆಯಲ್ಲಿ ತೇವ ಹೀರಿದ ಹಾಳೆಗೆ ಇಂಕ್‌ಜೆಟ್ ಶಾಯಿ ಬಿದ್ದರೆ ಕೇಳುವುದೇ ಬೇಡ, ಪಕ್ಕದ ಚೌಕಕ್ಕೂ ಹರಡುತ್ತದೆ.

ವರದಿ ಸಂಖ್ಯೆಯಿರುವ ಚಿಕ್ಕ ಕೊಂಡಿ (ಲಿಂಕ್) ಸಾಕು, ಇಂಗ್ಲಿಷ್ ಅಕ್ಷರದಲ್ಲಿ, 42 ಬೈಟ್ ಮೀರದಂತೆ. ದೋಷ ತಿದ್ದುವ ಎಂ (ಮಧ್ಯಮ) ಮಟ್ಟದಲ್ಲಿ ಅದು 3ನೇ ಆವೃತ್ತಿಗೆ ಹಿಡಿಯುತ್ತದೆ. ಅದೇ 25 ಮಿಮೀಯಲ್ಲಿ ಚೌಕ ಐದು ಪಟ್ಟು ದೊಡ್ಡದು. ‘ಅತಿ ಹೆಚ್ಚಿನ ಎಚ್ ಮಟ್ಟ ಇಟ್ಟರೆ ಇನ್ನೂ ಗಟ್ಟಿ’ ಅಂತ ಹೊರಡಬೇಡಿ, ಅಲ್ಲಿ ಹಿಡಿಯುವುದು 24 ಬೈಟ್ ಮಾತ್ರ.

ವರದಿ ತಯಾರಿಸುವ ತಂತ್ರಾಂಶಗಳ ಪೈಕಿ ಜಾಸ್ಪರ್‌ರಿಪೋರ್ಟ್ಸ್‌ನಲ್ಲಿ ಕ್ಯೂಆರ್ ಸೌಲಭ್ಯ ಒಳಗೇ ಇದೆ. ಮೈಕ್ರೋಸಾಫ್ಟಿನ ಎಸ್‌ಎಸ್‌ಆರ್‌ಎಸ್‌ನಲ್ಲಿ ಪಿಎನ್‌ಜಿ ಚಿತ್ರವಾಗಿ ಡೇಟಾಬೇಸಿನಿಂದ ತರಬಹುದು. ಜೆಪೆಗ್ ಬೇಡ, ಚೌಕದ ಅಂಚು ಕಲಸಿಹೋಗುತ್ತದೆ. ಜಾಗಕ್ಕೆ ಹೊಂದಿಸಲು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಬೇಡಿ. ಸುತ್ತ 4 ಚೌಕದಷ್ಟು ಬಿಳಿ ಬಿಡಿ, ಕೋಷ್ಟಕದ ಗೆರೆ ಒಳಗೆ ಬರಕೂಡದು. ಕ್ಯೂಆರ್ ಫಾಂಟ್ ನಂಬಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೋಜಲಕ್ಷರ. ಇಡೀ ವರದಿಗೆ ಒಮ್ಮೆ ಮಾತ್ರ ಬರುವ ರಿಪೋರ್ಟ್ ಹೆಡರಿನಲ್ಲಿ ಇಟ್ಟರೆ ಮೊದಲ ಬೆಳೆಗಾರರದ್ದು ಮಾತ್ರ ಬರುತ್ತದೆ, ಬೆಳೆಗಾರರಿಗೊಂದರಂತೆ ಬರುವ ಗ್ರೂಪ್ ಹೆಡರಿನಲ್ಲಿಡಿ.

‘ಹಾಗಾದರೆ ಜಿಎಸ್‌ಟಿ ಇ-ಇನ್ವಾಯ್ಸಿನ ಕ್ಯೂಆರ್ ಯಾಕಷ್ಟು ದಟ್ಟ?’ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದರಲ್ಲಿ ಕೊಂಡಿಯಲ್ಲ, ಬಿಲ್ಲಿನ ಮುಖ್ಯ ವಿವರಗಳ ಜೊತೆ ಬಿಲ್ ನೋಂದಾಯಿಸುವ ಪೋರ್ಟಲಿನ ಡಿಜಿಟಲ್ ಸಹಿಯೂ ಇರುತ್ತದೆ. ಅಲ್ಲಿಂದ ಬಂದ ಪಠ್ಯವನ್ನು ಒಂದಕ್ಷರವೂ ಕತ್ತರಿಸದೆ ಚಿತ್ರ ಮಾಡಬೇಕು, ಇಲ್ಲವಾದರೆ ಸಹಿ ತಾಳೆಯಾಗುವುದಿಲ್ಲ. ಅದಕ್ಕೆ 25 ಮಿಮೀ ಸಾಲದು. ಬಿಲ್ಲಿನ ಮೂಲೆಯಲ್ಲಿ 50 ಮಿಮೀಯಷ್ಟಾದರೂ ಜಾಗ ಬಿಡಿ.