ಸ್ವತಂತ್ರ ತಂತ್ರಾಂಶವನ್ನು ಅಗ್ಗವೆಂದು ಆರಿಸಬೇಡಿ

2003ರಲ್ಲಿ ಜರ್ಮನಿಯ ಮ್ಯೂನಿಕ್ ನಗರಾಡಳಿತದ ಸುಮಾರು 14,000 ಕಂಪ್ಯೂಟರುಗಳಲ್ಲಿದ್ದ ವಿಂಡೋಸ್ ಎನ್‌ಟಿ 4ಕ್ಕೆ ಬೆಂಬಲ ಮುಗಿಯುತ್ತ ಬಂದಿತ್ತು. ಹೊಸ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಹೇಳಿದ ಬೆಲೆ 3.66 ಕೋಟಿ ಡಾಲರ್. ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಲು ಮುಂದೆ ಬಂದ ಐಬಿಎಂ–ಸುಸೆ ಕಂಪನಿಗಳ ಜೋಡಿ ಕೇಳಿದ್ದು 3.95 ಕೋಟಿ. ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್ ಖುದ್ದಾಗಿ ಹೋಗಿ ಮೇಯರನ್ನು ಕಂಡರು. ರಿಯಾಯಿತಿಯ ಮೇಲೆ ರಿಯಾಯಿತಿ ಬಂದು ಬೆಲೆ 2.37 ಕೋಟಿಗೆ ಇಳಿಯಿತೆಂದು ಆಗಿನ ವರದಿಗಳು ಹೇಳುತ್ತವೆ. ಆದರೂ ಆ ವರ್ಷದ ಮೇ ತಿಂಗಳಲ್ಲಿ ನಗರಸಭೆ ಲಿನಕ್ಸನ್ನೇ ಆರಿಸಿತು. ಒಬ್ಬನೇ ಮಾರಾಟಗಾರನಿಗೆ ಜೋತುಬೀಳಬಾರದು ಎಂಬುದು ಅದರ ಮುಖ್ಯ ಕಾರಣ.

ಮೂರನೇ ಒಂದು ಪಾಲು ಬೆಲೆಯನ್ನು ಮಾತುಕತೆಯಲ್ಲೇ ಬಿಟ್ಟುಕೊಡಬಹುದಾದರೆ, ಪರವಾನಗಿ ಶುಲ್ಕವೆಂಬುದು ಮಾರುವವನ ಇಚ್ಛೆಗೆ ಬಿಟ್ಟ ಸಂಖ್ಯೆ. ಅಗ್ಗ ಎಂಬ ಕಾರಣಕ್ಕೆ ಸ್ವತಂತ್ರ ತಂತ್ರಾಂಶವನ್ನು ಒಪ್ಪಿದ ಸರ್ಕಾರವನ್ನು ಒಂದು ದೊಡ್ಡ ರಿಯಾಯಿತಿಯಿಂದ ಹಿಂದಕ್ಕೆ ಸೆಳೆಯಬಹುದು. ಶಾಲೆಗಳಿಗಾದರೆ ಬೆಲೆಯನ್ನು ಸೊನ್ನೆಗೇ ಇಳಿಸಬಹುದು. ಮಕ್ಕಳ ಕೈ ಪಳಗಿದ ಮೇಲೆ ಬಿಲ್ಲು ಬಂದರೆ ಆಯಿತು.

ಪೆರುವಿನ ಸಂಸದ ಎಡ್ಗರ್ ವಿಲ್ಲಾನುಯೆವಾ ಇದನ್ನು ಮೊದಲೇ ಅರಿತಿದ್ದರು. ಸರ್ಕಾರಿ ಕಚೇರಿಗಳಲ್ಲಿ ಸ್ವತಂತ್ರ ತಂತ್ರಾಂಶ ಬಳಸಬೇಕೆಂಬ ಮಸೂದೆಯನ್ನು ಮೈಕ್ರೋಸಾಫ್ಟ್ ಆಕ್ಷೇಪಿಸಿದಾಗ, 2002ರ ಏಪ್ರಿಲ್‌ನಲ್ಲಿ ಅವರು ಬರೆದ ಉತ್ತರದ ತಿರುಳು ಮೂರು ಮಾತು: ಸಾರ್ವಜನಿಕ ಮಾಹಿತಿ ನಾಗರಿಕರಿಗೆ ಅಡೆತಡೆಯಿಲ್ಲದೆ ಸಿಗಬೇಕು, ದತ್ತಾಂಶ ದೀರ್ಘಕಾಲ ಓದುವಂತಿರಬೇಕು, ದೇಶದ ಮತ್ತು ಪ್ರಜೆಗಳ ಭದ್ರತೆ ಕಾಯಬೇಕು. ಹಣದ ಉಳಿತಾಯ ಅವರ ಪಟ್ಟಿಯಲ್ಲಿ ಮುಖ್ಯ ಕಾರಣವಾಗಿರಲಿಲ್ಲ.

ನಮ್ಮ ನೆರೆಯ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬೇರೂರಿದೆ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಕೈಟ್, ಎರಡು ಲಕ್ಷ ಕಂಪ್ಯೂಟರುಗಳ ಲೆಕ್ಕದಲ್ಲಿ 3,000 ಕೋಟಿ ರೂಪಾಯಿ ಉಳಿತಾಯವೆಂದು ಹೇಳಿಕೊಂಡಿತು. ಭಾಗಿಸಿ ನೋಡಿದರೆ ಯಂತ್ರವೊಂದಕ್ಕೆ ಒಂದೂವರೆ ಲಕ್ಷ. ಅಷ್ಟು ದರದಲ್ಲಿ ಯಾವ ಸರ್ಕಾರವೂ ಶಾಲೆಗಳಿಗೆ ಪರವಾನಗಿ ಕೊಳ್ಳುವುದಿಲ್ಲ. ಹಾಗಾಗಿ ಈ ಸಂಖ್ಯೆಯನ್ನು ಯಾವ ಲೆಕ್ಕಪರಿಶೋಧಕನಾದರೂ ಸುಲಭವಾಗಿ ಕೆಡವಬಹುದು. ಕೇರಳದ ನಿಜವಾದ ಗಳಿಕೆ ಬೇರೆಡೆ ಇದೆ: ಪಠ್ಯಕ್ಕೆ ತಕ್ಕಂತೆ ತಾನೇ ಜೋಡಿಸಿಕೊಂಡ ಕಾರ್ಯಾಚರಣಾ ವ್ಯವಸ್ಥೆ, ಮಲಯಾಳಂ ಬೆಂಬಲ, ತರಬೇತಿ ಪಡೆದ ಶಿಕ್ಷಕರ ಪಡೆ. ಇವುಗಳನ್ನು ರೂಪಾಯಿಯಲ್ಲಿ ಅಳೆಯಲು ಹೊರಟಿದ್ದೇ ಎಡವಟ್ಟು.

ಬೆಲೆ ಸೊನ್ನೆಯಾದ ಮಾತ್ರಕ್ಕೆ ಬಂಧನ ತಪ್ಪದು ಎಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ ಉಚಿತವಾಗಿಯೇ ಸಿಕ್ಕಿತು. ಆದರೆ ಅದರ ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದವು. ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ‘ನ’ ಇರಬೇಕಾದಲ್ಲಿ ಪೌಂಡ್ ಚಿಹ್ನೆ ಕಾಣುತ್ತದೆ. ಹುಡುಕಾಟ ನಡೆಯದು, ಅಕಾರಾದಿ ಜೋಡಣೆಯೂ ಆಗದು. ಎಲ್ಲ ಗಣಕಗಳಿಗೂ ಸಮಾನವಾದ ಅಕ್ಷರಸಂಕೇತ ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಕಾಡುತ್ತದೆ: ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಎತ್ತಿಡದ ಪರಿವರ್ತಕ ‘ಸೂರ್ಯ’ನನ್ನು ಕೆಡಿಸುತ್ತದೆ. ಮಧ್ಯೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂದು ತಿಳಿದು ಕಲಸುಮೇಲೋಗರ. ಈ ದುಡಿಮೆಯ ಖರ್ಚು ಯಾವ ದರಪಟ್ಟಿಯಲ್ಲೂ ಇರಲಿಲ್ಲ.

ಮ್ಯೂನಿಕ್ ಮುಗ್ಗರಿಸಿದ್ದು ಎಲ್ಲಿ ಎಂಬುದನ್ನೂ ನೋಡಬೇಕು. ಕಂಪ್ಯೂಟರುಗಳನ್ನು ಲಿನಕ್ಸಿಗೆ ಬದಲಾಯಿಸಿ ಮುಗಿದಾಗ 2013. ಇಲಾಖೆಗಳ ಐಟಿ ಘಟಕಗಳು ಹರಿದು ಹಂಚಿಹೋಗಿದ್ದವು, ಒಬ್ಬೊಬ್ಬರ ಮ್ಯಾಕ್ರೋ (ಕಡತದಲ್ಲಿ ಕೆಲಸವನ್ನು ತಾನಾಗಿ ಮಾಡಿಸುವ ಚಿಕ್ಕ ಆದೇಶಗಳು), ಪತ್ರದ ನಮೂನೆಗಳು ಒಂದೊಂದು ತೆರ. ಇವನ್ನು ನಿಭಾಯಿಸಲು ವೋಲ್‌ಮಕ್ಸ್ ಎಂಬ ಹೊಸ ತಂತ್ರಾಂಶವನ್ನೇ ಬರೆಯಬೇಕಾಯಿತು. ಹೊರಗಿನವರು ಕಳಿಸಿದ ವರ್ಡ್ ಕಡತಗಳ ಕೋಷ್ಟಕಗಳು ಚೆದುರುತ್ತಿದ್ದವು. ವಿಂಡೋಸಿಗೆಂದೇ ಬರೆದ ಕೆಲವು ಇಲಾಖಾ ತಂತ್ರಾಂಶಗಳು ಕದಲಲಿಲ್ಲ. 2012ರಲ್ಲಿ ಒಂದು ಕೋಟಿ ಯೂರೋಗೂ ಮಿಕ್ಕಿದ ಉಳಿತಾಯ ತೋರಿಸಿದ್ದ ನಗರ, 2017ರಲ್ಲಿ ವಿಂಡೋಸಿಗೆ ಮರಳಲು ನಿರ್ಧರಿಸಿತು. ಉಳಿತಾಯದ ಅಂಕಿ ಅದನ್ನು ಕಾಯಲಿಲ್ಲ.

ಫ್ರಾನ್ಸಿನ ಜೆಂಡಾರ್ಮರಿ ಪೊಲೀಸರು ಹಿಡಿದ ಕ್ರಮ ಜಾಣತನದ್ದು. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶ, ಆಮೇಲೆ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಥಂಡರ್‌ಬರ್ಡ್ ಇಮೇಲ್, ಸಿಬ್ಬಂದಿಯ ಕೈಗೆ ಇವೆಲ್ಲ ಒಗ್ಗಿದ ಮೇಲೆ 2008ರಿಂದ ಲಿನಕ್ಸಿನ ಒಂದು ರೂಪವಾದ ಉಬುಂಟು. ಅಡಿಪಾಯ ಬದಲಾಗುವಾಗ ಮೇಜಿನ ಮೇಲಿನ ಸಾಧನಗಳು ಹೊಸವಾಗಿರಲಿಲ್ಲ.

ಭಾರತ ಸರ್ಕಾರದ 2015ರ ನೀತಿ ಮುಕ್ತ ಆಕರ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶಕ್ಕೆ ಆದ್ಯತೆ ಕೊಡುತ್ತದೆ. ಟೆಂಡರ್ ಹಾಕುವವರು ಅದನ್ನು ಪರಿಗಣಿಸಲೇಬೇಕು, ಬಿಟ್ಟರೆ ಸಮರ್ಥನೆ ಕೊಡಬೇಕು. ಆ ಸಮರ್ಥನೆ ಕಾಟಾಚಾರದ ಪುಟವಾಗದಿರಬೇಕಾದರೆ ಟೆಂಡರ್ ಕೆಲವು ವಿಷಯಗಳನ್ನು ಬಿಡಿಸಿ ಕೇಳಬೇಕು. ಐದು ವರ್ಷದ ನಂತರ ಈ ವ್ಯವಸ್ಥೆ ಬಿಟ್ಟು ಹೊರಡಲು ಎಷ್ಟು ಖರ್ಚು? ದತ್ತಾಂಶ ಪೂರ್ತಿಯಾಗಿ, ಪ್ರಕಟಿತ ಮಾನಕದ ನಮೂನೆಯಲ್ಲಿ ಹೊರಬರುತ್ತದೆಯೇ? ಬೇಡಿಕೆಯ ಮೇಲೆ ಬರೆಸಿದ ಕೋಡಿನ ಹಕ್ಕು ಯಾರದು? ಇದಕ್ಕೆ ಬಾಯಿಮಾತು ಸಾಲದು. ಒಪ್ಪಂದಕ್ಕೆ ಸಹಿ ಬೀಳುವ ಮುನ್ನವೇ ಮಾದರಿ ದತ್ತಾಂಶವನ್ನು ಹೊರತೆಗೆಸಿ, ಬೇರೊಂದು ವ್ಯವಸ್ಥೆಗೆ ತುಂಬಿಸಿ, ದಾಖಲೆಗಳ ಸಂಖ್ಯೆ ತಾಳೆಯಾಗುತ್ತದೆಯೇ ನೋಡಬೇಕು.

ಉಳಿತಾಯವನ್ನೇ ಗುರಿಯಾಗಿಸಿದಾಗ ಇನ್ನೊಂದು ಅನ್ಯಾಯವೂ ನಡೆಯುತ್ತದೆ: ತಂತ್ರಾಂಶವನ್ನು ಕಾಪಾಡುವವರ ಕೈ ಬರಿದಾಗಿರುತ್ತದೆ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಜಗತ್ತಿನ ಅಸಂಖ್ಯ ಜಾಲತಾಣಗಳನ್ನು ಕಾಯುತ್ತಿದ್ದ, ಆ ದೋಷವಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಸ್ವತಂತ್ರ ತಂತ್ರಾಂಶಕ್ಕೆ ದೇಣಿಗೆಯಾಗಿ ಬರುತ್ತಿದ್ದುದು ವರ್ಷಕ್ಕೆ ಸುಮಾರು 2,000 ಡಾಲರ್ ಎಂಬುದು ತಿಳಿಯಿತು. 2024ರಲ್ಲಿ ಎಕ್ಸ್‌ಜ಼ೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಸ್ವತಂತ್ರ ತಂತ್ರಾಂಶದ ದಣಿದಿದ್ದ ನಿರ್ವಾಹಕನ ನಂಬಿಕೆ ಗಳಿಸಿ, ಅಪರಿಚಿತನೊಬ್ಬ ಅದರೊಳಗೆ ಕಳ್ಳದಾರಿ ಇಟ್ಟಿದ್ದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಅವರು ಮೈಕ್ರೋಸಾಫ್ಟ್ ಉದ್ಯೋಗಿ ಎಂಬುದನ್ನು ಇಲ್ಲಿ ಹೇಳದಿರುವುದು ನ್ಯಾಯವಲ್ಲ. ಇಂಥ ಬುನಾದಿ ಯೋಜನೆಗಳಿಗೆ ಹಣ ಕೊಡಲೆಂದೇ ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಆರಂಭಿಸಿತು. ಅಂಥ ನಿಧಿ ಇಲ್ಲದ ರಾಜ್ಯ ಸರ್ಕಾರವೂ ತನ್ನ ಬೆಂಬಲ ಗುತ್ತಿಗೆಯಲ್ಲಿ ಎರಡು ಷರತ್ತು ಸೇರಿಸಬಹುದು: ಗುತ್ತಿಗೆದಾರ ಸರಿಪಡಿಸಿದ ಕೋಡನ್ನು ಮೂಲ ಯೋಜನೆಗೆ ಕಳಿಸಬೇಕು, ಮತ್ತು ಗುತ್ತಿಗೆ ಮೊತ್ತದ ನಿಗದಿತ ಪಾಲು ಆ ಯೋಜನೆಯ ನಿರ್ವಾಹಕರಿಗೆ ತಲುಪಿದ್ದಕ್ಕೆ ರಸೀದಿ ಕೊಟ್ಟ ಮೇಲೆಯೇ ಕೊನೆಯ ಕಂತಿನ ಬಿಲ್ಲು ಪಾಸಾಗಬೇಕು.