ಕ್ಲೋರೋಸಿಸ್: ಜಲಕೃಷಿಯಲ್ಲಿ ಎಲೆ ಹಳದಿಯಾದಾಗ

ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ ಗಿಡ ಬೆಳೆಸುವವರಿಗೆ ಬಹುಬೇಗ ಪರಿಚಯವಾಗುವ ಪದ ಕ್ಲೋರೋಸಿಸ್. ಪತ್ರಹರಿತ್ತು ಸಾಕಷ್ಟು ತಯಾರಾಗದೆ, ಇಲ್ಲವೇ ಇದ್ದದ್ದೂ ನಾಶವಾಗಿ ಎಲೆ ಹಸಿರು ಕಳೆದುಕೊಳ್ಳುವ ಸ್ಥಿತಿಗೆ ಈ ಹೆಸರು. ಇದು ಲಕ್ಷಣವೇ ಹೊರತು ಕಾರಣವಲ್ಲ. ಮೈ ಬಿಸಿಯಿದೆ ಎಂದ ಮಾತ್ರಕ್ಕೆ ಯಾವ ಜ್ವರವೆಂದು ತಿಳಿಯದಲ್ಲ, ಹಾಗೆಯೇ. ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುವ ಹಳದಿ ಎಲೆ ರೋಗವನ್ನು ಇದರೊಂದಿಗೆ ಬೆರೆಸಬಾರದು. ಅದರ ಹಿಂದಿರುವುದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ.

ಎಲೆ ಹಳದಿಯಾಯಿತೆಂದು ಗೊಬ್ಬರದ ಡಬ್ಬಿಗೆ ಕೈ ಹಾಕುವ ಮೊದಲು ಹಳದಿ ಎಲ್ಲಿಂದ ಶುರುವಾಯಿತು ಎಂದು ನೋಡಬೇಕು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡಬಲ್ಲವು. ಅಭಾವ ಬಂದಾಗ ಗಿಡ ಹಳೆಯ ಎಲೆಗಳಿಂದ ಅವನ್ನು ಹಿಂಪಡೆದು ಸುಳಿಗೆ ಸಾಗಿಸುತ್ತದೆ. ಆದ್ದರಿಂದ ಸೊರಗುವುದು ಬುಡದ ಎಲೆ. ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ, ಬೋರಾನ್ ಒಮ್ಮೆ ಸೇರಿದ ಜಾಗದಿಂದ ಕದಲುವುದು ಕಡಿಮೆ. ಇವುಗಳ ಕೊರತೆ ಹೊಸ ಚಿಗುರಿನಲ್ಲಿ ಕಾಣುತ್ತದೆ.

ಆಮೇಲೆ ನರಗಳನ್ನು ನೋಡಿ. ಸಾರಜನಕ ಸಾಲದಿದ್ದರೆ ಕೆಳಗಿನ ಎಲೆ ನರಗಳ ಸಮೇತ ಬಿಳಿಚಿಕೊಳ್ಳುತ್ತದೆ. ಪೊಟ್ಯಾಷ್ ಕೊರತೆಯಲ್ಲಿ ಹಳೆಯ ಎಲೆಯ ಅಂಚು ಸುಟ್ಟಂತಾಗುತ್ತದೆ. ಗೊಂದಲ ಹುಟ್ಟಿಸುವ ಜೋಡಿ ಮೆಗ್ನೀಷಿಯಂ ಮತ್ತು ಕಬ್ಬಿಣದ್ದು: ಎರಡರಲ್ಲೂ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗುತ್ತದೆ. ಮೆಗ್ನೀಷಿಯಂ ಪತ್ರಹರಿತ್ತಿನ ಅಣುವಿನ ನಡುಮಧ್ಯದಲ್ಲೇ ಕೂತಿದೆ. ಕಬ್ಬಿಣ ಆ ಅಣುವಿನಲ್ಲಿ ಇಲ್ಲ, ಆದರೆ ಅದಿಲ್ಲದೆ ಅಣು ತಯಾರಾಗದು. ಟೊಮೆಟೊ ಗಿಡದಲ್ಲಿ ಈ ಬಲೆಯಂಥ ಹಳದಿ ಕೆಳಗಿನ ಎಲೆಗಳಲ್ಲಿದ್ದರೆ ಮೆಗ್ನೀಷಿಯಂ ಮೇಲೆ, ಸುಳಿಯಲ್ಲಿದ್ದರೆ ಕಬ್ಬಿಣದ ಮೇಲೆ ಅನುಮಾನ ಪಡಬೇಕು. ಕಬ್ಬಿಣದ ಲವಣ ಕೊಟ್ಟರೆ ಇಂಥ ಎಲೆ ಮತ್ತೆ ಹಸಿರಾಗುತ್ತದೆ ಎಂದು ಫ್ರಾನ್ಸಿನ ಯೂಸೆಬ್ ಗ್ರಿಸ್ 1840ರ ದಶಕದಲ್ಲೇ ತೋರಿಸಿದ್ದರು.

ಎಲೆಯಲ್ಲಿ ಕಬ್ಬಿಣದ ಕೊರತೆ ಕಂಡಿತೆಂದರೆ ತೊಟ್ಟಿಯಲ್ಲಿ ಕಬ್ಬಿಣವಿಲ್ಲ ಎಂದೇನೂ ಅರ್ಥವಲ್ಲ. ಜಲಕೃಷಿಯಲ್ಲಿ ಬಹಳ ಮಂದಿ ಎಡವುವುದೇ ಇಲ್ಲಿ. ಪೋಷಕ ದ್ರಾವಣದ ರಸಸಾರ, ಅಂದರೆ ಪಿಎಚ್, ಸುಮಾರು 5.5ರಿಂದ 6.5ರೊಳಗಿರಬೇಕು. ಗಿಡ ನೈಟ್ರೇಟ್ ಹೀರಿದಂತೆ ಅದು ತಾನಾಗಿಯೇ ಏರುತ್ತದೆ. ಬೈಕಾರ್ಬೊನೇಟ್ ತುಂಬಿದ ಕೊಳವೆಬಾವಿಯ ಗಡಸು ನೀರಾದರಂತೂ ಇಳಿಸಿದಷ್ಟೂ ಮತ್ತೆ ಮೇಲೇರುತ್ತದೆ. ರಸಸಾರ 7 ದಾಟಿದರೆ ಬರಿಯ ಕಬ್ಬಿಣದ ಲವಣ ಗಷ್ಟಾಗಿ ತಳ ಸೇರುತ್ತದೆ, ಬೇರಿಗೆ ಎಟುಕುವುದಿಲ್ಲ. ಕಬ್ಬಿಣವನ್ನು ಕೀಲೇಟ್ ರೂಪದಲ್ಲಿ, ಅಂದರೆ ಗಷ್ಟಾಗದಂತೆ ಅದನ್ನು ಹಿಡಿದಿಟ್ಟುಕೊಳ್ಳುವ ಇನ್ನೊಂದು ಅಣುವಿನೊಂದಿಗೆ ಬೆಸೆದು, ಕೊಡುವುದು ಇದಕ್ಕಾಗಿಯೇ. ಅವುಗಳಲ್ಲೂ ಭೇದವಿದೆ: ಇಡಿಟಿಎ ಎಂಬ ಬಗೆ ರಸಸಾರ ಸುಮಾರು 6.5ರ ಆಚೆ ಹೋದರೆ ಹಿಡಿತ ಕಳೆದುಕೊಳ್ಳುತ್ತದೆ, ಡಿಟಿಪಿಎ ಎಂಬುದು 7ರ ಆಸುಪಾಸಿನವರೆಗೂ ತಾಳುತ್ತದೆ. ಹೀಗಿರುವಾಗ ರಸಸಾರ ಅಳೆಯದೆ ಕಬ್ಬಿಣ, ಮ್ಯಾಂಗನೀಸ್‌ನಂಥ ಲಘು ಪೋಷಕಾಂಶಗಳ ಮಿಶ್ರಣ ಸುರಿಯುವುದು ದುಡ್ಡು ನೀರಿಗೆ ಹಾಕಿದಂತೆಯೇ, ಇಲ್ಲಿ ಅಕ್ಷರಶಃ.

ಕ್ಯಾಲ್ಸಿಯಂ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಅದು ಸಾಗುವುದು ಎಲೆ ಆವಿಯಾಗಿಸುವ ನೀರಿನ ಹರಿವಿನೊಂದಿಗೆ. ಲೆಟ್ಯೂಸ್‌ನ ಒಳಸುಳಿಯಲ್ಲಿ, ಅದರಲ್ಲೂ ಗಾಳಿಯಾಡದ, ತೇವ ತುಂಬಿದ ಪಾಲಿಹೌಸ್‌ನಲ್ಲಿ, ಆವಿಯಾಗುವುದೇ ಕಡಿಮೆ. ತೊಟ್ಟಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಎಳೆ ಎಲೆಯ ಅಂಚು ಕಂದಿ ಕರಕಲಾಗುತ್ತದೆ. ಇದಕ್ಕೆ ಎಷ್ಟೋ ಸಲ ಗೊಬ್ಬರಕ್ಕಿಂತ ಒಂದು ಫ್ಯಾನ್ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟಾದ ಮೇಲೂ ಬರಿಗಣ್ಣಿನ ತೀರ್ಮಾನ ಅಂದಾಜೇ. ಬೇರು ಕೊಳೆತರೂ ಎಲೆ ಹೀಗೆಯೇ ಹಳದಿಯಾಗುವುದುಂಟು. ಗಿಡ ಎತ್ತಿ ಬೇರು ಬೆಳ್ಳಗಿದೆಯೇ, ಕಂದಾಗಿ ಲೋಳೆಗಟ್ಟಿದೆಯೇ ಎಂದು ನೋಡಿಬಿಡುವುದು ಒಳ್ಳೆಯದು. ಸರಿಪಡಿಸಿದ ಮೇಲೆ ಕರಕಲಾದ ಅಂಚು ಮತ್ತೆ ಹಸಿರಾಗಲಿ ಎಂದು ಕಾಯಬೇಡಿ. ಮದ್ದು ತಾಗಿತೇ ಇಲ್ಲವೇ ಎಂಬುದನ್ನು ಅನಂತರ ಮೂಡುವ ಎಲೆಗಳಲ್ಲಿ ನೋಡಬೇಕು.